ಮೊದಲು ಬೀಳಲು ಕಲಿಸಲಿ

ಮಾರ್ಚ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೇಸಿಗೆ ಶಿಬಿರಗಳ ಜಾಹೀರಾತು ಬಂದು ಬೀಳತೊಡಗುತ್ತದೆ. ಈಜು, ಕರಾಟೆ, ಸ್ಕೇಟಿಂಗ್, ಚೆಸ್ ಹಳಬರು. ಆ ಸಾಲಿಗೆ ಈಚೆಗೆ ಸೇರಿ ಗಟ್ಟಿಯಾಗಿ ತಳವೂರಿರುವುದು ಜಿಮ್ನಾಸ್ಟಿಕ್ಸ್. ನೀಲಿ ಮ್ಯಾಟಿನ ಮೇಲೆ ಎರಡೂ ಕಾಲು ಚಾಚಿ ಸ್ಪ್ಲಿಟ್ ಹಾಕಿ ನಗುವ ಪುಟ್ಟ ಹುಡುಗಿ, ಕೆಳಗೆ 'ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ' ಎಂಬ ಸಾಲು, ಮೊದಲು ಬಂದವರಿಗೆ ರಿಯಾಯಿತಿ. ಸೋಫಾದಿಂದ ದಿವಾನಕ್ಕೆ, ದಿವಾನದಿಂದ ನೆಲಕ್ಕೆ ದಿನವಿಡೀ ಹಾರುತ್ತಲೇ ಇರುವ ಮಗುವಿನ ಅಪ್ಪ-ಅಮ್ಮನಿಗೆ ಇಷ್ಟು ಸಾಕು. ಶನಿವಾರ ಟ್ರಯಲ್ ಕ್ಲಾಸು, ಸಂಜೆಯೊಳಗೆ ಮೂರು ತಿಂಗಳ ಪ್ಯಾಕೇಜಿಗೆ ಹಣ ಹೋಗಿರುತ್ತದೆ.

ಎಲ್‌ಕೆಜಿ ಸೇರಿಸುವಾಗ ಹತ್ತು ಶಾಲೆಗಳ ಮೆಟ್ಟಿಲು ಹತ್ತುವ ನಾವು, ಮಗುವನ್ನು ತಲೆಕೆಳಗು ಮಾಡಿ ಗಾಳಿಯಲ್ಲಿ ತಿರುಗಿಸುವ ಜಾಗವನ್ನು ಮಾತ್ರ ಮನೆಗೆ ಹತ್ತಿರವೇ, ಪಾರ್ಕಿಂಗ್ ಇದೆಯೇ ಎಂದಷ್ಟೇ ನೋಡಿ ಆರಿಸಿಬಿಡುತ್ತೇವೆ. ಅದಕ್ಕೆ ಕಾರಣವೂ ಇದೆ. ಕ್ರಿಕೆಟ್ ಕೋಚಿಂಗ್ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಪ್ರತಿ ಮನೆಯಲ್ಲೂ ಒಬ್ಬ ಪರಿಣತ ಇರುತ್ತಾನೆ. ಜಿಮ್ನಾಸ್ಟಿಕ್ಸ್ ಬಗ್ಗೆ ಹಾಗೆ ಹೇಳಬಲ್ಲವರು ನಮ್ಮ ಬಂಧುಬಳಗದಲ್ಲಿ ಯಾರೂ ಇಲ್ಲ. ಜಗಲಿಯ ಮೇಲೆ ಲಾಗ ಹಾಕಿದರೆ 'ಕತ್ತು ಉಳುಕಿಸಿಕೊಳ್ತೀಯ, ಸುಮ್ನಿರು' ಎಂದು ಬೈಸಿಕೊಂಡು ಬೆಳೆದ ತಲೆಮಾರು ನಮ್ಮದು. ಟಿವಿಯಲ್ಲಿ ರಷ್ಯದವರು, ರುಮೇನಿಯದವರು ಮಾಡುವ ಪವಾಡ ಅದು ಎಂದುಕೊಂಡಿದ್ದೆವು.

2016ರ ಆಗಸ್ಟಿನಲ್ಲಿ ಆ ಪವಾಡ ನಮ್ಮ ಮನೆಗಳ ಒಳಗೆ ಬಂತು. ತ್ರಿಪುರದ ದೀಪಾ ಕರ್ಮಾಕರ್ ರಿಯೊ ಒಲಿಂಪಿಕ್ಸಿನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚಿಗೆ ಕೊರತೆಯಾದದ್ದು 0.15 ಅಂಕ. ಒಲಿಂಪಿಕ್ಸಿಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಅವರೇ. ಅವರು ಅಂದು ಮಾಡಿದ್ದು ಪ್ರೊಡುನೋವಾ ಎಂಬ ಹಾರಿಕೆ: ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಮುಂದಕ್ಕೆ ಚಿಮ್ಮಿ, ಗಾಳಿಯಲ್ಲೇ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕು. ತಿರುಗುವುದು ಒಂದಿಷ್ಟು ಕಡಿಮೆಯಾದರೆ ಇಳಿಯುವುದು ಕತ್ತಿನ ಮೇಲೆ.

ದೀಪಾ ಅಗರ್ತಲಾದಲ್ಲಿ ಆರನೆಯ ವಯಸ್ಸಿಗೆ ಕಲಿಕೆ ಶುರುಮಾಡಿದವರು. ಪಾದ ಚಪ್ಪಟೆಯಾಗಿತ್ತು, ಈ ಆಟಕ್ಕೆ ಅದು ದೊಡ್ಡ ಅಡ್ಡಿ. ಊರಲ್ಲಿ ಸರಿಯಾದ ಸಲಕರಣೆ ಇರಲಿಲ್ಲ. ಕೋಚ್ ಬಿಶ್ವೇಶ್ವರ ನಂದಿ ಹಳೆಯ ಸ್ಕೂಟರಿನ ಬಿಡಿಭಾಗ ಜೋಡಿಸಿ ಅಭ್ಯಾಸದ ಸಲಕರಣೆ ಮಾಡಿಕೊಟ್ಟ ಕಥೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಕೇಳಲು ಚೆಂದದ ಕಥೆ. ಆದರೆ ನೀವು ನೋಡಲು ಹೋದ ಕ್ಲಬ್ಬಿನವರು, ಹರಿದ ಮ್ಯಾಟನ್ನು ಬೊಟ್ಟುಮಾಡಿ ಕೇಳಿದಾಗ ಈ ಕಥೆಯನ್ನೇ ತಿರುಗಿಸಿ ಹೇಳಿದರೆ ದಯವಿಟ್ಟು ಎದ್ದು ಬನ್ನಿ. ಅಗರ್ತಲಾದ ಕಥೆಯಲ್ಲಿ ಕಲಿಯಬೇಕಾದದ್ದು ಬೇರೆಯೇ ಇದೆ. 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ದೀಪಾ ಚಿನ್ನ ಗೆದ್ದಾಗಲೂ ಅವರ ಬೆನ್ನಿಗಿದ್ದವರು ಅದೇ ನಂದಿ. ಚಪ್ಪಟೆ ಪಾದದ ಒಂದು ಮಗುವನ್ನು ಎರಡು ದಶಕಕ್ಕೂ ಮೀರಿ ಅರಿತು ತಿದ್ದಿದ ಒಬ್ಬ ಮನುಷ್ಯ. ಕ್ಲಬ್ ಆರಿಸುವುದೆಂದರೆ ಅಂಥ ಒಬ್ಬರನ್ನು ಹುಡುಕುವುದು. ಹಾಲ್, ಬೋರ್ಡು, ಪದಕಗಳ ಕಪಾಟು ಎಲ್ಲ ಆಮೇಲಿನ ಮಾತು.

ಆದರೆ ಅಂಥವರನ್ನು ಗುರುತು ಹಿಡಿಯುವುದು ಹೇಗೆ? ನನಗೆ ಗೊತ್ತಿರುವ ದಾರಿ ಒಂದೇ. ಮಕ್ಕಳಿಗೆ ಬೀಳುವುದನ್ನು ಹೇಗೆ ಕಲಿಸುತ್ತಾರೆ ಎಂದು ನೋಡಬೇಕು.

ದಕ್ಷಿಣ ಬೆಂಗಳೂರಿನ ಒಂದು ಹಾಲ್. ತಗಡಿನ ಮಾಡು, ಗೋಡೆಯ ಎರಡು ಕಡೆ ದೊಡ್ಡ ಫ್ಯಾನು. ಸಂಜೆ ಐದರ ಬ್ಯಾಚು, ಆರೇಳು ವರ್ಷದ ಏಳೆಂಟು ಮಕ್ಕಳು. ಕಲಿಸುವವರು ಐವತ್ತರ ಆಸುಪಾಸಿನ ಮೇಡಂ. ಕೊರಳಲ್ಲಿ ಸೀಟಿ ಇದೆ, ಊದುವುದು ಕಡಿಮೆ. ಮಕ್ಕಳೆಲ್ಲ ದಪ್ಪ ಮ್ಯಾಟಿಗೆ ಬೆನ್ನು ಮಾಡಿ ನಿಂತಿದ್ದಾರೆ. ಮೇಡಂ ಚಪ್ಪಾಳೆ ತಟ್ಟಿದ ತಕ್ಷಣ ಕುಕ್ಕರಗಾಲಿಗೆ ಬಂದು ಹಿಂದಕ್ಕೆ ಉರುಳಬೇಕು. 'ಗಲ್ಲ ಎದೆಗೆ, ಕೈ ಎದೆಗೆ' – ಇಷ್ಟೇ ಮಾತು, ಮತ್ತೆ ಮತ್ತೆ. ಒಬ್ಬ ಹುಡುಗ ಮಾತ್ರ ಪ್ರತಿ ಸಲವೂ ಬೀಳುವಾಗ ಕೈಯನ್ನು ಹಿಂದಕ್ಕೆ ಚಾಚಿ ನೆಲಕ್ಕೆ ಊರುತ್ತಾನೆ. ಮೇಡಂ ಗದರಲಿಲ್ಲ. ತಮ್ಮ ಕರ್ಚೀಫನ್ನು ಅವನ ಎರಡೂ ಕೈಗೆ ಕೊಟ್ಟು, ಇದನ್ನು ಬಿಡದೆ ಎದೆಗೆ ಅವುಚಿಕೊಂಡೇ ಬೀಳು ಅಂದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಕರ್ಚೀಫು ಮುಂದಿನ ಹುಡುಗಿಯ ಕೈಗೆ ಹೋಯಿತು.

ಬೆಂಚಿನ ಮೇಲೆ ಕೂತಿದ್ದ ತಂದೆಯೊಬ್ಬರು ಗಡಿಯಾರ ನೋಡಿಕೊಂಡು ಕಾರ್ಟ್‌ವೀಲ್ ಯಾವಾಗಿಂದ ಶುರು ಎಂದು ವಿಚಾರಿಸಿದರು. ಇದು ಬಂದ ಮೇಲೆ ಸರ್, ಎಂದು ಉತ್ತರ ಬಂತು. ತಂದೆಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಮಕ್ಕಳ ಮಣಿಕಟ್ಟು, ಮೊಣಕೈ ಮುರಿಯುವುದು ಹೆಚ್ಚಾಗಿ ಹೀಗೆ ಕೈಚಾಚಿ ಬಿದ್ದಾಗಲೇ. ಇಡೀ ಮೈಯ ಭಾರ ಚಾಚಿದ ಒಂದು ಕೈಯ ಮೇಲೆ ಬರುತ್ತದೆ. ಗಲ್ಲವನ್ನು ಎದೆಗೊತ್ತಿ ಬೆನ್ನ ಮೇಲೆ ಉರುಳಿದರೆ ಆ ಪೆಟ್ಟು ಹರಡಿಹೋಗುತ್ತದೆ, ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದಿಲ್ಲ. ಎತ್ತರದಿಂದ ಹಾರಿ ಇಳಿಯುವಾಗ ಕಾಲುಗಳ ನಡುವೆ ಅಂತರವಿಟ್ಟು, ಮೊಣಕಾಲು ಮಡಿಸಿ, ಕೈ ಮುಂದೆ ಚಾಚಿ ನಿಲ್ಲುವುದೂ ಇದೇ ಪಾಠದ ಇನ್ನೊಂದು ಭಾಗ. ಮೊದಲ ತಿಂಗಳು ಇದನ್ನೇ ಹೆಚ್ಚಾಗಿ ಮಾಡಿಸುವ ಕ್ಲಬ್ ಸಿಕ್ಕರೆ ಬೇಸರ ಪಟ್ಟುಕೊಳ್ಳಬೇಡಿ, ಅದೃಷ್ಟ ಎಂದುಕೊಳ್ಳಿ.

ಇದಕ್ಕೆ ತದ್ವಿರುದ್ಧವಾದ ದೃಶ್ಯವೂ ಅಪರೂಪವಲ್ಲ. ಟ್ರಯಲ್ ದಿನವೇ ಕೋಚ್ ಮಗುವಿನ ಸೊಂಟ ಹಿಡಿದು ಹಿಂದಕ್ಕೆ ಎತ್ತಿ, ತಿರುಗಿಸಿ, ನಿಲ್ಲಿಸುತ್ತಾರೆ. ಅಮ್ಮ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಾರೆ. ಅಜ್ಜಿಯ ಊರಿಗೆ ಹೋಗುತ್ತದೆ, ಅಮೆರಿಕದ ಅತ್ತೆಗೆ ಹೋಗುತ್ತದೆ, ಎಲ್ಲರೂ ಬೆರಗಾಗುತ್ತಾರೆ. ಆ ಪಲ್ಟಿ ಹೊಡೆದದ್ದು ಮಗುವಲ್ಲ, ಕೋಚ್. ಮಗುವಿಗೆ ತಾನು ಗಾಳಿಯಲ್ಲಿ ಎಲ್ಲಿದ್ದೆ ಎಂಬುದೇ ಗೊತ್ತಿರುವುದಿಲ್ಲ. ಮರುದಿನ ಅದೇ ಮಗು ಮನೆಯ ಮಂಚದ ಮೇಲೆ, ಹಿಡಿಯುವವರಿಲ್ಲದೆ, ಅದನ್ನೇ ಮಾಡಲು ಹೋಗುತ್ತದೆ.

ಹಾಲ್ ನೋಡುವ ಬಗೆ

ಮ್ಯಾಟುಗಳ ಬಣ್ಣ ನೋಡಬೇಡಿ, ಅವುಗಳ ನಡುವಿನ ಸಂದು ನೋಡಿ. ಎರಡು ಮ್ಯಾಟುಗಳ ನಡುವೆ ಕಾಲಿನ ಬೆರಳು ಇಳಿಯುವಷ್ಟು ಸಂದಿದ್ದರೆ ಪಾದ ಉಳುಕಲು ಅದು ಸಾಕು. ಒಳ್ಳೆಯ ಕಡೆ ಅಂಚಿಗೆ ವೆಲ್ಕ್ರೊ ಹಾಕಿ ಬೆಸೆದಿರುತ್ತಾರೆ, ಪ್ರತಿ ಬ್ಯಾಚಿನ ಮೊದಲು ಯಾರಾದರೂ ಒಬ್ಬರು ಸುತ್ತಿ ಬಂದು ಸರಿಪಡಿಸುತ್ತಾರೆ. ಟೈಲ್ಸ್ ಮೇಲೆ ಜೋಡಿಸುವ ತೆಳ್ಳನೆಯ ಫೋಮ್ ಚೌಕಗಳು ಯೋಗಕ್ಕೆ, ಟೇಕ್ವಾಂಡೊಗೆ ನಡೆಯುತ್ತವೆ. ಅದರ ಮೇಲೆ ಪಲ್ಟಿ ಕಲಿಸುವವರಿಗೆ ಮಗುವನ್ನು ಒಪ್ಪಿಸಬಾರದು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ಗಳಲ್ಲಿ ನಡೆಯುವ ಬಹುಪಾಲು ತರಗತಿಗಳು ಈ ಜಾತಿಯವು. ಅವುಗಳನ್ನು ಬಗ್ಗುವ, ಕುಪ್ಪಳಿಸುವ ವ್ಯಾಯಾಮದ ತರಗತಿ ಎಂದು ಒಪ್ಪಿಕೊಂಡರೆ ತಕರಾರಿಲ್ಲ.

ಸ್ಪರ್ಧೆಯ ಬೀಮ್ 10 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ. ಆರು ವರ್ಷದ ಮಗುವಿಗೆ ಅದು ಹೆಚ್ಚುಕಡಿಮೆ ತನ್ನಷ್ಟೇ ಎತ್ತರ. ಕಲಿಸುವ ಕ್ಲಬ್‌ನಲ್ಲಿ ಅಷ್ಟೇ ಅಗಲದ, ಆದರೆ ನೆಲಕ್ಕೆ ಅಂಟಿಕೊಂಡಂತಿರುವ ಬೀಮ್ ಇರಬೇಕು, ಅದಕ್ಕಿಂತ ತುಸು ಎತ್ತರದ್ದು ಇನ್ನೊಂದು. ಎತ್ತರದ್ದು ಒಂದೇ ಇದೆಯೆಂದರೆ ಅದು ಫೋಟೊಕ್ಕೆ ಇಟ್ಟದ್ದು. ಟ್ರ್ಯಾಂಪೊಲಿನ್ ಇದ್ದರೆ ಒಂದು ಹೊತ್ತಿಗೆ ಒಂದೇ ಮಗು ಇರಬೇಕು. ನಾಲ್ಕು ಮಕ್ಕಳು ಒಟ್ಟಿಗೆ ಕುಣಿಯುತ್ತಿದ್ದರೆ ಭಾರದ ಮಗು ಒತ್ತಿದ ರಭಸಕ್ಕೆ ಹಗುರದ ಮಗು ಎಲ್ಲಿಗೋ ಚಿಮ್ಮುತ್ತದೆ. ಫೋಮ್ ತುಂಡು ತುಂಬಿದ ಗುಂಡಿಯನ್ನು ಕಂಡು ಮಕ್ಕಳು ಕುಣಿದಾಡುತ್ತಾರೆ, ಹೆತ್ತವರೂ ಮರುಳಾಗುತ್ತಾರೆ. ಕೈ ಹಾಕಿ ನೋಡಿ. ತುಂಡುಗಳು ಪುಡಿಯಾಗಿ, ಅದುಮಿ ಕೂತಿದ್ದರೆ ತಳ ಹತ್ತಿರದಲ್ಲೇ ಇದೆ ಎಂದರ್ಥ. ಅದರೊಳಗೆ ತಲೆ ಮುಂದಾಗಿ ಹಾರಲು ಯಾರನ್ನೂ ಬಿಡಬಾರದು. ಕಂಬಗಳಿಗೆ ಮೆತ್ತೆ ಸುತ್ತಿದ್ದಾರೆಯೇ, ಕುಡಿಯುವ ನೀರು ಮಕ್ಕಳ ಕೈಗೆಟಕುವಲ್ಲಿ ಇದೆಯೇ, ಶೌಚಾಲಯ ಎಲ್ಲಿದೆ – ಇವನ್ನು ಕೇಳಲು ಸಂಕೋಚ ಬೇಡ.

ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು ಎಂಬುದನ್ನು ನೀವೇ ಎಣಿಸಿ, ಕೌಂಟರಿನಲ್ಲಿ ಕೇಳಬೇಡಿ. ಐದಾರು ವರ್ಷದವರಾದರೆ ಏಳೆಂಟು ಮಕ್ಕಳಿಗಿಂತ ಹೆಚ್ಚಿಗೆ ಒಬ್ಬರ ಕಣ್ಣು ಸಾಲದು. ಬೇಸಿಗೆ ಶಿಬಿರದಲ್ಲಿ ಇದು ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ ಏರುತ್ತದೆ. ಸಹಾಯಕ್ಕೆ ನಿಂತವರು ಅದೇ ಕ್ಲಬ್ಬಿನ ಹೈಸ್ಕೂಲು ಮಕ್ಕಳಾಗಿರುತ್ತಾರೆ. ಕ್ಲಬ್ಬೊಂದರ ನಿಜವಾದ ಗುಣ ತಿಳಿಯಬೇಕಾದರೆ ಏಪ್ರಿಲ್‌ನಲ್ಲಿ ಹೋಗಿ ನೋಡಬೇಡಿ, ಜುಲೈನ ಒಂದು ಮಳೆಯ ಮಂಗಳವಾರ ಹೋಗಿ.

ಸರ್ಟಿಫಿಕೇಟು, ಪದಕ, ಬೋರ್ಡು

ಕೋಚ್ ಎಲ್ಲಿ ಕಲಿತವರು ಎಂದು ಕೇಳುವುದು ಅವಮಾನವಲ್ಲ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಇದ್ದರೆ ಅದೊಂದು ಗಟ್ಟಿ ಆಧಾರ. ಕ್ರೀಡಾವಲಯದಲ್ಲಿ 'ಎನ್‌ಐಎಸ್ ಕೋಚ್' ಎಂದರೆ ಅದೇ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಎರಡೂ ಒಂದೇ ಅಲ್ಲ, ಬೋರ್ಡಿನಲ್ಲಿ ಮಾತ್ರ ಎರಡಕ್ಕೂ ಒಂದೇ ಅಕ್ಷರಗಳು. ಸೈನ್ಯ, ರೈಲ್ವೆ ತಂಡಗಳಿಗೆ ಆಡಿ ನಿವೃತ್ತರಾಗಿ ಕಲಿಸುವವರಿದ್ದಾರೆ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದು, ಹಿರಿಯ ಕೋಚ್‌ಗಳ ಕೈಕೆಳಗೆ ವರ್ಷಗಟ್ಟಲೆ ನಿಂತು ಕಲಿತವರೂ ಇದ್ದಾರೆ. ಹಿಂದೆ ನೃತ್ಯವೋ ಫಿಟ್ನೆಸ್ಸೋ ಕಲಿಸುತ್ತಿದ್ದು, ಬೇಡಿಕೆ ಕಂಡು ಈ ಕಡೆ ಹೊರಳಿದವರೂ ಕಡಿಮೆಯಿಲ್ಲ. ಪ್ರಥಮ ಚಿಕಿತ್ಸೆ ಯಾರಿಗೆ ಗೊತ್ತು, ಮಗು ಕತ್ತಿನ ಮೇಲೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಅಲುಗಾಡಿಸದೆ ಮಲಗಿಸಿದ್ದಲ್ಲೇ ಇರಿಸಿ ಆಂಬುಲೆನ್ಸ್ ಕರೆಸುತ್ತೇವೆ ಎಂದರೆ ಸರಿ. ಇಲ್ಲಿ ಹಾಗೆಲ್ಲ ಆಗುವುದೇ ಇಲ್ಲ ಎಂದರೆ ಆ ಉತ್ತರದಲ್ಲೇ ನಿಮಗೆ ಬೇಕಾದ ಮಾಹಿತಿ ಇದೆ.

ಪದಕಗಳ ವಿಷಯದಲ್ಲಿ ಇನ್ನೂ ಹೆಚ್ಚು ಹುಷಾರಾಗಿರಬೇಕು. ನಮ್ಮ ಜಿಮ್ನಾಸ್ಟಿಕ್ಸ್ ಫೆಡರೇಷನ್ನೇ ಬಣಜಗಳದಲ್ಲಿ ಸಿಕ್ಕಿ ಹಲವು ವರ್ಷ ಸರ್ಕಾರದ ಮಾನ್ಯತೆ ಕಳೆದುಕೊಂಡಿತ್ತು. ಅಂಥ ಗೊಂದಲದ ನಡುವೆ ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಪದಕ ಹಂಚುವ ಖಾಸಗಿ 'ನ್ಯಾಷನಲ್'ಗಳು ಹುಟ್ಟಿಕೊಳ್ಳುವುದು ಸಹಜವೇ. ಮಗುವಿಗೆ ಸ್ಪರ್ಧೆಯ ಆಸೆ ಇದ್ದರೆ, ಈ ಕ್ಲಬ್ಬಿನ ಮಕ್ಕಳು ರಾಜ್ಯ ಸಂಸ್ಥೆಯ ಆಯ್ಕೆ ಸ್ಪರ್ಧೆಗೆ, ಶಾಲಾ ಕ್ರೀಡಾಕೂಟಕ್ಕೆ ಹೋಗುತ್ತಾರೆಯೇ ಎಂದಷ್ಟು ಕೇಳಿದರೆ ಸಾಕು. ಜೊತೆಗೆ, ಇಲ್ಲಿ ಹುಡುಗರಿಗೂ ಹುಡುಗಿಯರಿಗೂ ಯಾವ ಯಾವ ಸಲಕರಣೆ ಕಲಿಸುತ್ತೀರಿ ಎಂದು. ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರಿಗೆ ನಾಲ್ಕು, ಹುಡುಗರಿಗೆ ಆರು ವಿಭಾಗ. ರಿಂಗ್ಸ್, ಪಾಮೆಲ್ ಹಾರ್ಸ್ ಇಲ್ಲದ ಕಡೆ ಹುಡುಗನನ್ನು ಸ್ಪರ್ಧೆಗೆ ತಯಾರು ಮಾಡುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ. ರಿಬ್ಬನ್, ಚೆಂಡು, ಹೂಪ್ ಹಿಡಿದು ಮಾಡುವ ರಿದಮಿಕ್ ಬೇರೆಯೇ ಆಟ, ಅದಕ್ಕೆ ಬೇರೆಯೇ ಗುರು ಬೇಕು.

ಮಗು ಬೇಡ ಅಂದಾಗ

ಬೀಳುವುದರ ನಂತರ ನೋಡಬೇಕಾದದ್ದು ಹೆದರಿಕೆ. ಎತ್ತರದ ಬೀಮ್ ಮೇಲೆ ನಿಂತ ಮಗು ಕಾಲು ನಡುಗಿ 'ನಂಗೆ ಬೇಡ' ಅನ್ನುತ್ತದೆ. ಆಗ ಕೋಚ್ ಏನು ಮಾಡುತ್ತಾರೆ? ಕೈಹಿಡಿದು ಇಳಿಸಿ ಕೆಳಗಿನ ಬೀಮ್‌ಗೆ ಕರೆದೊಯ್ಯುತ್ತಾರೋ, ಎಲ್ಲರೂ ಮಾಡ್ತಾರೆ ನಿನಗೇನು ಎನ್ನುತ್ತಾರೋ? ಹಿಂದೆ ಬೆಂಚಿನ ಮೇಲೆ ಕೂತ ನೀವು ಏನು ಹೇಳುತ್ತೀರಿ ಎಂಬುದೂ ಇಲ್ಲಿ ಪ್ರಶ್ನೆಯೇ.

ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. ಮುರಿದ ಕಾಲು ಪೂರ್ತಿ ಕೂಡಿಕೊಳ್ಳುವ ಮೊದಲೇ ಆಕೆಯನ್ನು ಮಾಸ್ಕೊ ಒಲಿಂಪಿಕ್ಸಿನ ತಯಾರಿಗೆ ಇಳಿಸಲಾಯಿತು. ಥಾಮಸ್ ಸಾಲ್ಟೊ ಎಂಬ ಅಪಾಯಕಾರಿ ಲಾಗದಲ್ಲಿ ಕತ್ತು ಮುರಿದುಕೊಳ್ಳುತ್ತೇನೆ ಎಂದು ಆಕೆ ಮೊದಲೇ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1980ರ ಜುಲೈನಲ್ಲಿ, ಒಲಿಂಪಿಕ್ಸಿಗೆ ಎರಡೇ ವಾರ ಇದ್ದಾಗ, ಮಿನ್ಸ್ಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅದೇ ಆಯಿತು. ಇಪ್ಪತ್ತರ ಹರೆಯದಲ್ಲಿ ಕತ್ತಿನ ಕೆಳಗೆ ಸ್ವಾಧೀನ ತಪ್ಪಿತು, 2006ರಲ್ಲಿ ತೀರಿಕೊಂಡರು. ಆ ಅವಘಡದ ನಾಲ್ಕು ದಶಕದ ನಂತರ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅಂದಾಜೇ ಸಿಗುತ್ತಿಲ್ಲ ಎಂದು ತಂಡ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಹಲವರಿಗೆ ಅದು ಹೇಡಿತನವಾಗಿ ಕಂಡಿತು. ಅದೇ ಬೈಲ್ಸ್ 2024ರಲ್ಲಿ ಪ್ಯಾರಿಸ್‌ಗೆ ಮರಳಿ ಬಂದು ಮೂರು ಚಿನ್ನ ಗೆದ್ದರು. ಈ ಇಬ್ಬರಲ್ಲಿ ಯಾರಿಗೂ ಧೈರ್ಯ ಕಡಿಮೆ ಇರಲಿಲ್ಲ. ಒಬ್ಬರಿಗೆ ಬೇಡ ಅನ್ನುವ ಅವಕಾಶ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ.

ನೋವಿನ ವಿಷಯವೂ ಇಲ್ಲೇ ಬರುತ್ತದೆ. ಸ್ಪ್ಲಿಟ್ ಬರಲೆಂದು ಮಗುವಿನ ತೊಡೆಯ ಮೇಲೆ ಕೋಚ್ ಕೂರುವುದು, ಅಳುತ್ತಿರುವಾಗ ಭುಜ ಒತ್ತಿ ಹಿಡಿಯುವುದು ಇಂದಿಗೂ ಕೆಲವೆಡೆ ನಡೆಯುತ್ತದೆ, ಅದನ್ನು ಶಿಸ್ತು ಎಂದು ಕರೆಯುತ್ತಾರೆ. ಮೈ ಬಗ್ಗುವುದು ತಿಂಗಳುಗಟ್ಟಲೆ ನಿಧಾನ ಅಭ್ಯಾಸದಿಂದ ಬರಬೇಕಾದದ್ದು. ಎಳೆದು ತರಿಸಿದರೆ ತೊಡೆಸಂದಿನ ಸ್ನಾಯು ಹರಿಯುತ್ತದೆ. ಮಣಿಕಟ್ಟು, ಹಿಮ್ಮಡಿ, ಸೊಂಟದ ಕೆಳಭಾಗ – ಬೆಳೆಯುವ ಮಕ್ಕಳಲ್ಲಿ ಈ ಮೂರು ಜಾಗದ ನೋವು ವಾರಕ್ಕಿಂತ ಹೆಚ್ಚು ಉಳಿದರೆ ಮುಲಾಮು ಹಚ್ಚುವುದನ್ನು ಬಿಟ್ಟು ಮೂಳೆ ವೈದ್ಯರಿಗೆ ತೋರಿಸಿ. ಮೂಳೆಯ ಬೆಳವಣಿಗೆಯ ತಟ್ಟೆಗೆ (ಗ್ರೋತ್ ಪ್ಲೇಟ್) ಪೆಟ್ಟಾಗಿರಬಹುದು.

ಎತ್ತರ ಕುಗ್ಗುತ್ತದೆಯೇ ಎಂಬುದು ಎಲ್ಲ ಅಜ್ಜಿಯರ ಪ್ರಶ್ನೆ. ಇಲ್ಲ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ನಿಗಾಗಿ ತಜ್ಞರ ಸಮಿತಿಯೊಂದು ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2013ರಲ್ಲಿ ಹೇಳಿದ್ದು, ಈ ತರಬೇತಿಯಿಂದ ವಯಸ್ಕರಾದಾಗಿನ ಎತ್ತರಕ್ಕೆ ಧಕ್ಕೆಯಾಗುವುದಿಲ್ಲ ಎಂದೇ. ಗಿಡ್ಡ ಮೈಯವರಿಗೆ ತಿರುಗುವುದು ಸುಲಭ, ಹಾಗಾಗಿ ಅವರೇ ಉಳಿದುಕೊಳ್ಳುತ್ತಾರೆ. ಎತ್ತರ ಬೆಳೆದವರು ಬೇರೆ ಕಡೆ ಹೋಗುತ್ತಾರೆ. ರಷ್ಯದ ಎಲೆನಾ ಇಸಿನ್‌ಬಯೇವಾ ಐದರಿಂದ ಹದಿನೈದರವರೆಗೆ ಜಿಮ್ನಾಸ್ಟ್ ಆಗಿದ್ದವರು. ಎತ್ತರ ಹೆಚ್ಚಾಯಿತೆಂದು ಬಿಡಬೇಕಾಯಿತು. ಪೋಲ್ ವಾಲ್ಟ್ ಹಿಡಿದರು, 2009ರಲ್ಲಿ 5.06 ಮೀಟರ್ ಹಾರಿದರು. ಹತ್ತು ವರ್ಷದ ಜಿಮ್ನಾಸ್ಟಿಕ್ಸ್ ವ್ಯರ್ಥವಾಯಿತು ಎಂದು ಅವರ ಅಪ್ಪ-ಅಮ್ಮ ಹೇಳಿರಲಾರರು.

ಅವಸರಕ್ಕೂ ಕಾರಣವಿಲ್ಲ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ರುಮೇನಿಯದ ಹದಿನಾಲ್ಕರ ನಾದಿಯಾ ಕೊಮನೆಚಿ ಹತ್ತಕ್ಕೆ ಹತ್ತು ಗಳಿಸಿದಾಗ, ಅಷ್ಟು ಅಂಕ ತೋರಿಸಲು ಬಾರದ ಸ್ಕೋರ್‌ಬೋರ್ಡ್ 1.00 ಎಂದು ತೋರಿಸಿತ್ತು. ಪುಟ್ಟ ಹುಡುಗಿಯರ ಆಟ ಎಂಬ ಕಲ್ಪನೆ ಅಲ್ಲಿಂದ ಬೇರೂರಿತು. ಈಗ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹುಡುಗಿಯರಿಗೆ ಸ್ಪರ್ಧೆಯ ವರ್ಷ ಹದಿನಾರು ತುಂಬಬೇಕು. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ತಮ್ಮ ಎಂಟನೆಯ ಒಲಿಂಪಿಕ್ಸ್ ಆಡಿದ್ದು ಟೋಕಿಯೊದಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ. ಮೂರು ವರ್ಷಕ್ಕೆ ಸೇರಿಸದಿದ್ದರೆ ತಡವಾಗುತ್ತದೆ ಎನ್ನುವವರು ತಮ್ಮ ಬ್ಯಾಚು ತುಂಬಿಸಿಕೊಳ್ಳುವ ಅವಸರದಲ್ಲಿದ್ದಾರೆ. ಆ ವಯಸ್ಸಿಗೆ ಅದು ಉರುಳಾಟ, ತೆವಳಾಟ, ಇರಲಿ, ಒಳ್ಳೆಯದೇ. ವಾರಕ್ಕೆ ಎಷ್ಟು ಗಂಟೆ ಎಂಬುದಕ್ಕೆ ಅಮೆರಿಕದ ಮಕ್ಕಳ ವೈದ್ಯರು ಹೇಳುವ ಒಂದು ಸರಳ ಅಳತೆ ಇದೆ: ಮಗುವಿನ ವಯಸ್ಸು ಎಷ್ಟೋ, ವಾರದ ಅಭ್ಯಾಸ ಅಷ್ಟು ಗಂಟೆ ಮೀರಬಾರದು, ಒಂದೆರಡು ದಿನ ಪೂರ್ತಿ ಬಿಡುವು ಇರಬೇಕು. ಎಂಟು ವರ್ಷದ ಮಗುವಿಗೆ ಬೆಳಗ್ಗೆ ಎರಡು, ಸಂಜೆ ಎರಡು ಗಂಟೆ 'ಎಲೀಟ್ ಬ್ಯಾಚ್' ಎಂದು ಹೇಳಿದರೆ ಲೆಕ್ಕ ನೀವೇ ಹಾಕಿ.

ಬಾಗಿಲು ತೆರೆದಿರಲಿ

ಇಷ್ಟವಿಲ್ಲದಿದ್ದರೂ ಹೇಳಲೇಬೇಕಾದ ಮಾತು ಇದು. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ಗೆ 2018ರ ಜನವರಿಯಲ್ಲಿ 40ರಿಂದ 175 ವರ್ಷದ ಸೆರೆವಾಸ ವಿಧಿಸುವ ಮೊದಲು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು ತಮ್ಮ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. ಅವರಲ್ಲಿ ಕೆಲವರ ತಾಯಂದಿರು ದೌರ್ಜನ್ಯ ನಡೆದ ಹೊತ್ತಿನಲ್ಲಿ ಅದೇ ಕೋಣೆಯಲ್ಲಿದ್ದರು, ಚಿಕಿತ್ಸೆ ಎಂದುಕೊಂಡಿದ್ದರು. ಬ್ರಿಟನ್ನಿನಲ್ಲಿ ಜಿಮ್ನಾಸ್ಟಿಕ್ಸ್‌ನಲ್ಲಿನ ದೌರ್ಜನ್ಯಗಳ ಕುರಿತು 2022ರಲ್ಲಿ ಹೊರಬಂದ ವೈಟ್ ವರದಿಗೆ ನಾನೂರಕ್ಕೂ ಹೆಚ್ಚು ಜನ ಅಹವಾಲು ಕೊಟ್ಟಿದ್ದರು. ಅದರಲ್ಲಿರುವುದು ದೊಡ್ಡ ಅಪರಾಧಗಳಷ್ಟೇ ಅಲ್ಲ. ನೀರು ಕುಡಿಯಲು ಬಿಡದಿರುವುದು, ಶೌಚಾಲಯಕ್ಕೆ ಕಳಿಸದಿರುವುದು, ಎಲ್ಲರೆದುರು ತೂಕ ನೋಡಿ ಹಂಗಿಸುವುದು, ಗಾಯದ ಮೇಲೆ ಅಭ್ಯಾಸ ಮಾಡಿಸುವುದು. ಇದರಲ್ಲಿ ಯಾವುದೊಂದೂ ನಮ್ಮ ಊರಿಗೆ ಹೊಸತಲ್ಲ, ನಾವು ಅದನ್ನು 'ಕೋಚ್ ಸರ್ ತುಂಬಾ ಸ್ಟ್ರಿಕ್ಟು' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಜಿಮ್ನಾಸ್ಟಿಕ್ಸ್‌ನಲ್ಲಿ ಕೋಚ್ ಮಗುವನ್ನು ಮುಟ್ಟದೆ ಕಲಿಸಲಾಗದು. ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಕೈಕೊಟ್ಟು ಹಿಡಿಯಲೇಬೇಕು. ಆದ್ದರಿಂದಲೇ ಎಲ್ಲಿ ಹಿಡಿಯುತ್ತೇನೆ, ಏಕೆ ಎಂದು ಮಗುವಿಗೆ ಮೊದಲೇ ಹೇಳಿ ಹಿಡಿಯುವ ಕೋಚ್ ಒಳ್ಳೆಯವರು. ಒಬ್ಬರೇ ಕೋಚ್, ಒಂದೇ ಮಗು, ಮುಚ್ಚಿದ ಬಾಗಿಲು – ಇದು ಯಾವ ಕಾರಣಕ್ಕೂ ಬೇಡ. ಲಿಯೊಟಾರ್ಡ್ ತೊಟ್ಟ ಮಕ್ಕಳ ವಿಡಿಯೊವನ್ನು ಕ್ಲಬ್ಬಿನ ಇನ್‌ಸ್ಟಾಗ್ರಾಂಗೆ ಹಾಕುವ ಮೊದಲು ನಿಮ್ಮನ್ನು ಕೇಳುತ್ತಾರೆಯೇ ನೋಡಿ. ಹೊರ ಊರಿನ ಸ್ಪರ್ಧೆಗೆ ಹೋದಾಗ ಮಕ್ಕಳ ಜೊತೆ ಯಾವ ಮಹಿಳೆ ಇರುತ್ತಾರೆ, ಕೋಣೆ ಹೇಗೆ ಎಂದು ವಿಚಾರಿಸಿ. ಪೋಕ್ಸೊ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೂ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇದು ಕ್ಲಬ್ಬಿನ ಗೋಡೆಯ ಮೇಲೆ ಮಕ್ಕಳಿಗೆ ಓದಲು ಸಿಗುವಷ್ಟು ದೊಡ್ಡದಾಗಿ ಇದ್ದರೆ ಆ ಕ್ಲಬ್ಬಿನ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ.

ಪುಡಿ, ಮಾತ್ರೆ ಮಾರುವ ಕ್ಲಬ್ಬಿನಿಂದಲೂ ದೂರ ಇರಿ. ದೀಪಾ ಅವರಂಥ ಅನುಭವಿಯೇ ಹಿಜೆನಮೈನ್ ಎಂಬ ನಿಷೇಧಿತ ವಸ್ತು ಮೈಯಲ್ಲಿ ಪತ್ತೆಯಾಗಿ 21 ತಿಂಗಳು ಹೊರಗಿರಬೇಕಾಯಿತು. ಮಕ್ಕಳಿಗೆ ಮುದ್ದೆ, ಬೇಳೆ, ಮೊಟ್ಟೆ, ಹಾಲು ಸಾಕು.

ಹುಡುಗಿಯರು ಹತ್ತು-ಹನ್ನೊಂದಕ್ಕೆ ಬಿಟ್ಟುಬಿಡುವುದು ನಮ್ಮಲ್ಲಿ ಹೆಚ್ಚು, ಕಾರಣ ಎಷ್ಟೋ ಸಲ ಉಡುಪು. ಅಜ್ಜಿ ಏನಂತಾರೆ, ಪಕ್ಕದ ಮನೆಯವರು ಏನಂತಾರೆ. ಹುಡುಗಿಗೇ ಮುಜುಗರ ಆಗುವುದೂ ಉಂಟು. ಕಾಲು ಪೂರ್ತಿ ಮುಚ್ಚುವ ಉಡುಪಿಗೆ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ. 2021ರಲ್ಲಿ ಜರ್ಮನಿಯ ತಂಡ ಟೋಕಿಯೊ ಒಲಿಂಪಿಕ್ಸಿನಲ್ಲೇ ಅದನ್ನು ತೊಟ್ಟು ಆಡಿತು. ಲೆಗ್ಗಿಂಗ್ಸ್ ಹಾಕಿಕೊಂಡು ಬರಬಹುದೇ ಎಂದು ನಿಮ್ಮ ಕ್ಲಬ್ಬಿನಲ್ಲಿ ಕೇಳಿ. ಇಲ್ಲ ಎನ್ನುವವರಿಗೆ ನಿಯಮ ಗೊತ್ತಿಲ್ಲ.

ಬೆಂಗಳೂರು, ಮೈಸೂರು ಬಿಟ್ಟು ಈಚೆ ಬಂದರೆ ಆಯ್ಕೆಯ ಮಾತೇ ಬರುವುದಿಲ್ಲ. ಊರಿಗೊಂದು ಕ್ಲಬ್ ಇದ್ದರೆ ಹೆಚ್ಚು. ಅಲ್ಲಿನವರಿಗೆ ನಾನು ಹೇಳುವುದು, ಹತ್ತಿರದ ಮಲ್ಲಕಂಬದ ಗುರುಗಳನ್ನು ಹುಡುಕಿ ಎಂದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಲ್ಲಿ ಹಳ್ಳಿಯ ಮಕ್ಕಳು ಕಂಬದ ಮೇಲೆ, ಹಗ್ಗದ ಮೇಲೆ ಮಾಡುವುದನ್ನು ನೋಡಿದರೆ ನಗರದ ಎಷ್ಟೋ ಅಕಾಡೆಮಿಗಳ ಎಸಿ ಹಾಲ್ ಸಪ್ಪೆ ಎನಿಸುತ್ತದೆ. ತಲೆಕೆಳಗಾಗಿ ತೂಗುವ ಧೈರ್ಯ, ಹಿಡಿತದ ಬಲ, ಮೈಯ ಮೇಲಿನ ಅಂಕೆ ಎಲ್ಲವೂ ಅಲ್ಲಿ ಸಿಗುತ್ತದೆ, ಖರ್ಚು ಕಡಿಮೆ. ಗರಡಿಯ ಮಣ್ಣಿನಲ್ಲಿ ಬೀಳುವುದನ್ನು ಕಲಿತ ಉಸ್ತಾದರಿಗೆ ಬೀಳುವುದರ ಬೆಲೆ ಗೊತ್ತಿರುತ್ತದೆ. ಮಾಲಿನ ಮೂರನೇ ಮಹಡಿಯ ಕೆಟ್ಟ ಜಿಮ್ನಾಸ್ಟಿಕ್ಸ್‌ಗಿಂತ ಹಳ್ಳಿಯ ಒಳ್ಳೆಯ ಮಲ್ಲಕಂಬ ಮೇಲು. ಆದರೆ ಅಲ್ಲೂ ಕೆಳಗೆ ಮ್ಯಾಟು ಹಾಸಿರಲಿ, ಅಲ್ಲೂ ಮಗುವಿಗೆ ಬೇಡ ಅನ್ನುವ ಹಕ್ಕಿರಲಿ.

ಟ್ರಯಲ್ ತರಗತಿ ಎಂಬುದು ಕ್ಲಬ್ಬಿನವರು ನಿಮಗಾಗಿ ಸಿಂಗರಿಸಿದ ಒಂದು ಗಂಟೆ. ಅದನ್ನು ನಂಬಿ ಹಣ ಕಟ್ಟಬೇಡಿ. ಹೇಳದೆ ಕೇಳದೆ ವಾರದ ನಡುವಿನ ಒಂದು ಸಂಜೆ ಹೋಗಿ, ನಿಮ್ಮ ಮಗುವಿನ ವಯಸ್ಸಿನ ಬ್ಯಾಚನ್ನು ಶುರುವಿನಿಂದ ಕೊನೆಯವರೆಗೆ ಕೂತು ನೋಡಲು ಬಿಡಿ ಎಂದು ಕೇಳಿ. ಒಂದು ಮಗು ಬಿದ್ದಾಗ ಕೋಚ್ ಮೊದಲು ಎತ್ತ ನೋಡುತ್ತಾರೆ, ಮಗುವಿನ ಕಡೆಗೋ ಬೆಂಚಿನಲ್ಲಿ ಕೂತ ಪೋಷಕರ ಕಡೆಗೋ, ಗಮನಿಸಿ. ನೋಡಲು ಬಿಡುವುದಿಲ್ಲ, ಪೋಷಕರು ಇದ್ದರೆ ಮಕ್ಕಳ ಗಮನ ಕೆಡುತ್ತದೆ ಎಂದರೆ, ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲಿ ಸೇರಿಸಬೇಡಿ.